ಸಣ್ಣ ಸಂಕೇತಕ್ಕೆ ತಕ್ಕ ವರ್ಧಕ

ಹೃದಯ ಬಡಿಯುವಾಗ ಎದೆಯ ಚರ್ಮದ ಮೇಲೆ ಮೂಡುವ ವೋಲ್ಟೇಜ್ ಸುಮಾರು ಒಂದು ಮಿಲಿವೋಲ್ಟ್. ಮಿದುಳಿನ ಚಟುವಟಿಕೆ ನೆತ್ತಿಯ ಮೇಲೆ ತೋರುವುದು 10ರಿಂದ 100 ಮೈಕ್ರೋವೋಲ್ಟ್. ನೆಲದ ಕಂಪನ ಹಿಡಿಯುವ ಜಿಯೋಫೋನ್ ಎಂಬ ಉಪಕರಣದಲ್ಲಿ, ಊರು ಮಲಗಿದ ಹೊತ್ತಿನಲ್ಲಿ, ಹುಟ್ಟುವುದು ನ್ಯಾನೋವೋಲ್ಟ್‌ಗಳ ಲೆಕ್ಕದಲ್ಲಿ. ಒಂದು ನ್ಯಾನೋವೋಲ್ಟ್ ಎಂದರೆ ಟಾರ್ಚಿನ ಸೆಲ್ ಕೊಡುವ 1.5 ವೋಲ್ಟಿನಲ್ಲಿ ನೂರೈವತ್ತು ಕೋಟಿಗೆ ಒಂದು ಪಾಲು. ಈ ಸಂಕೇತಗಳು ಚಿಕ್ಕವು ಮಾತ್ರವಲ್ಲ, ನಿಧಾನವಾದವು ಕೂಡ. ಸೆಕೆಂಡಿಗೆ ಹತ್ತಾರು ಸಲ ಏರಿಳಿಯುವಂಥವು ಕೆಲವು, ಹತ್ತು ಸೆಕೆಂಡಿಗೆ ಒಮ್ಮೆ ಮೈಮುರಿಯುವಂಥವು ಇನ್ನು ಕೆಲವು. ಇವನ್ನು ಕಾಗದದ ಮೇಲೆ ಗೆರೆಯಾಗಿ, ಕಂಪ್ಯೂಟರಿನಲ್ಲಿ ಅಂಕಿಯಾಗಿ ಕಾಣಬೇಕಾದರೆ ಮೊದಲು ಸಾವಿರ ಪಟ್ಟು, ಲಕ್ಷ ಪಟ್ಟು ಹಿಗ್ಗಿಸಬೇಕು. ಆ ಕೆಲಸ ವರ್ಧಕದ್ದು, ಅಂದರೆ ಆಂಪ್ಲಿಫೈಯರಿನದು.

ಹಿಗ್ಗಿಸುವುದು ಕಷ್ಟದ ಕೆಲಸವಲ್ಲ. ಅಗ್ಗದ ಚಿಪ್ಪೊಂದು, ನಾಲ್ಕು ರೋಧಕಗಳು ಇದ್ದರೆ ಸಾಕು. ಕಷ್ಟವೆಲ್ಲ ವರ್ಧಕ ತನ್ನ ಕಡೆಯಿಂದ ಏನನ್ನು ಸೇರಿಸುತ್ತದೆ ಎಂಬುದರಲ್ಲಿದೆ. ಪ್ರತಿಯೊಂದು ವರ್ಧಕವೂ ಸಂಕೇತದ ಜೊತೆ ತನ್ನದೇ ಗೊತ್ತುಗುರಿಯಿಲ್ಲದ ಏರಿಳಿತವನ್ನು ಬೆರೆಸುತ್ತದೆ. ಎಂಜಿನಿಯರುಗಳು ನಾಯ್ಸ್ ಎನ್ನುವ ಇದನ್ನು ಇಲ್ಲಿ ಗದ್ದಲ ಎಂದೇ ಕರೆಯಬಹುದು. ಸಂತೆಯಲ್ಲಿ ನಿಂತವನ ಪಿಸುಮಾತನ್ನು ಧ್ವನಿವರ್ಧಕದಲ್ಲಿ ಹಾಕಿದರೆ ಸಂತೆಯೂ ಅಷ್ಟೇ ಜೋರಾಗಿ ಕೇಳುತ್ತದೆ. ಹಾಗೆಯೇ ಗದ್ದಲ ಒಮ್ಮೆ ಬೆರೆತ ಮೇಲೆ ಎಷ್ಟು ಹಿಗ್ಗಿಸಿದರೂ ಸಂಕೇತ ಸ್ಪಷ್ಟವಾಗುವುದಿಲ್ಲ. ಆದ್ದರಿಂದ ಸರಪಳಿಯ ಮೊದಲ ಕೊಂಡಿಯೇ ಮುಖ್ಯ. ಮೊದಲ ಹಂತ ಸಂಕೇತವನ್ನು ನೂರು ಪಟ್ಟು ಹಿಗ್ಗಿಸಿಕೊಟ್ಟರೆ, ಎರಡನೆಯ ಹಂತ ಸೇರಿಸುವ ಗದ್ದಲಕ್ಕೆ ಅದರ ಮುಂದೆ ನೂರರಲ್ಲೊಂದು ಪಾಲು ಬೆಲೆ. ಹರಾಲ್ಡ್ ಫ್ರಿಸ್ 1944ರಲ್ಲಿ ಸೂತ್ರವಾಗಿ ಬರೆದಿಟ್ಟ ಈ ಲೆಕ್ಕ ರೇಡಿಯೋ ರಿಸೀವರಿಗೆ ಹೇಳಿದ್ದು, ಆದರೆ ಎಲ್ಲ ಕಡೆ ನಿಲ್ಲುತ್ತದೆ. ಹಣ ಖರ್ಚು ಮಾಡುವುದಿದ್ದರೆ ಮೊದಲ ಹಂತಕ್ಕೆ ಮಾಡಬೇಕು.

ಗದ್ದಲದಲ್ಲಿ ಒಂದು ಬಗೆ ವರ್ಧಕಕ್ಕೂ ಮೊದಲೇ ಇರುತ್ತದೆ. ರೋಧವಿರುವ ಯಾವ ವಸ್ತುವಿನಲ್ಲೂ ಎಲೆಕ್ಟ್ರಾನುಗಳು ಶಾಖದಿಂದ ಅಡ್ಡಾದಿಡ್ಡಿ ಓಡಾಡುತ್ತಲೇ ಇರುತ್ತವೆ. ಅದರ ಎರಡು ತುದಿಗಳ ನಡುವೆ ಬ್ಯಾಟರಿ ಇಲ್ಲದಿದ್ದರೂ ಸಣ್ಣ ವೋಲ್ಟೇಜ್ ನಡುಗುತ್ತಿರುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಜಾನ್ಸನ್ ಇದನ್ನು ಅಳೆದರು, ಹ್ಯಾರಿ ನೈಕ್ವಿಸ್ಟ್ ಸೂತ್ರ ಕಟ್ಟಿದರು. ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. ಇಬ್ಬರೂ ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು ಎಂಬುದು ಕಾಕತಾಳೀಯ. ಸೂತ್ರದ ಪ್ರಕಾರ ಈ ಗದ್ದಲವನ್ನು ತೀರ್ಮಾನಿಸುವುದು ಮೂರೇ ಸಂಗತಿ: ರೋಧ, ತಾಪಮಾನ, ಎಷ್ಟು ಅಗಲದ ಆವೃತ್ತಿಯ ಕಿಂಡಿಯಿಂದ ನೋಡಲಾಗುತ್ತಿದೆ ಎಂಬುದು. ರೋಧಕ ಯಾವ ಕಂಪನಿಯದು, ಎಷ್ಟು ದುಬಾರಿ ಎಂಬುದಕ್ಕೆ ಇಲ್ಲಿ ಜಾಗವಿಲ್ಲ.

ಕಿಂಡಿಯ ಅಗಲದ ಲೆಕ್ಕ ಮೊದಲ ಸಲ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಕಿಂಡಿ ನಾಲ್ಕು ಪಟ್ಟು ಅಗಲವಾದರೆ ಗದ್ದಲದ ವೋಲ್ಟೇಜ್ ನಾಲ್ಕು ಪಟ್ಟಾಗುವುದಿಲ್ಲ, ಎರಡು ಪಟ್ಟಾಗುತ್ತದೆ. ಅಂದರೆ ಅದು ಅಗಲದ ವರ್ಗಮೂಲದ ಜೊತೆ ಏರುತ್ತದೆ. ಅದಕ್ಕಾಗಿಯೇ ಚಿಪ್ಪುಗಳ ಮಾಹಿತಿ ಪತ್ರದಲ್ಲಿ ಗದ್ದಲವನ್ನು 'ಪ್ರತಿ ವರ್ಗಮೂಲ ಹರ್ಟ್ಜ್‌ಗೆ ಇಷ್ಟು ನ್ಯಾನೋವೋಲ್ಟ್' ಎಂದು ಬರೆಯುತ್ತಾರೆ. ಓದಲು ಸುಲಭವಾಗಲೆಂದು ಮುಂದಿನ ಸಂಖ್ಯೆಗಳನ್ನು ಒಂದು ಹರ್ಟ್ಜ್ ಅಗಲದ ಕಿಂಡಿಗೆ ಹೇಳಿದೆ. ಬೇರೆ ಅಗಲಕ್ಕೆ ಹೇಳಿದ ಕಡೆ ಅದನ್ನು ಸೂಚಿಸಿದೆ. ಆ ಲೆಕ್ಕದಲ್ಲಿ ಕೋಣೆಯ ಬಿಸಿಯಲ್ಲಿರುವ 1 ಕಿಲೋ ಓಮ್ ರೋಧಕದ ಗದ್ದಲ ಸುಮಾರು 4 ನ್ಯಾನೋವೋಲ್ಟ್. 100 ಓಮ್‌ಗೆ 1.3, 10 ಕಿಲೋ ಓಮ್‌ಗೆ 13, ಒಂದು ಮೆಗಾ ಓಮ್‌ಗೆ 130. ಈ ನಾಲ್ಕು ಅಂಕಿಗಳನ್ನು ನೆನಪಿಟ್ಟುಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಎರಡು ಗದ್ದಲಗಳು ಸೇರುವ ರೀತಿಯೂ ಬೇರೆ. ಅವು ಒಂದನ್ನೊಂದು ಕೇಳಿಕೊಂಡು ಏರಿಳಿಯುವುದಿಲ್ಲವಾದ್ದರಿಂದ ನೇರವಾಗಿ ಕೂಡುವುದಿಲ್ಲ. ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು, ಲಂಬಕೋನ ತ್ರಿಕೋನದ ಕರ್ಣದಂತೆ. 3 ನ್ಯಾನೋವೋಲ್ಟಿಗೆ 4 ಸೇರಿದರೆ 5, ಏಳಲ್ಲ. ಇದರಿಂದ ಒಂದು ಅನುಕೂಲವಿದೆ. ಒಂದು ಗದ್ದಲ ಇನ್ನೊಂದರ ಮೂರನೇ ಒಂದು ಭಾಗದಷ್ಟಿದ್ದರೆ ಅದು ಒಟ್ಟು ಮೊತ್ತಕ್ಕೆ ಸೇರಿಸುವುದು ನೂರಕ್ಕೆ ಐದರಷ್ಟು ಮಾತ್ರ. ವರ್ಧಕದ ಗದ್ದಲವನ್ನು ಸಂವೇದಕದ, ಅಂದರೆ ಸಂಕೇತ ಹಿಡಿಯುವ ಸೆನ್ಸರಿನ, ಸ್ವಂತ ಗದ್ದಲದ ಮೂರನೇ ಒಂದಕ್ಕಿಂತ ಕೆಳಗೆ ಇಳಿಸಲು ಪಡುವ ಪಾಡಿಗೆ ಫಲ ತೀರಾ ಕಡಿಮೆ.

ವರ್ಧಕದೊಳಗಿನ ಗದ್ದಲಕ್ಕೆ ಎರಡು ಮುಖ. ಒಂದು ವೋಲ್ಟೇಜ್ ಗದ್ದಲ: ಒಳದ್ವಾರದಲ್ಲಿ ಅದೃಶ್ಯವಾದ ಒಂದು ಸಣ್ಣ ಬ್ಯಾಟರಿ ನಡುಗುತ್ತಿರುವಂತೆ. ಇನ್ನೊಂದು ಪ್ರವಾಹದ ಗದ್ದಲ: ಒಳದ್ವಾರದಿಂದ ಸಂವೇದಕದ ಕಡೆಗೆ ಹನಿಹನಿಯಾಗಿ ತೊಟ್ಟಿಕ್ಕುವ ಪ್ರವಾಹದ ಏರುಪೇರು. ಪ್ರವಾಹ ಎಂಬುದು ಬಿಡಿ ಬಿಡಿ ಎಲೆಕ್ಟ್ರಾನುಗಳ ಸಾಲು, ಆದ್ದರಿಂದ ತಗಡಿನ ಮೇಲೆ ಮಳೆ ಬಿದ್ದ ಸದ್ದಿನಂತೆ ಅದು ನಯವಾಗಿರುವುದಿಲ್ಲ ಎಂದು ವಾಲ್ಟರ್ ಶಾಟ್ಕಿ 1918ರಲ್ಲೇ ತೋರಿಸಿದ್ದರು. ಈ ಪ್ರವಾಹದ ಗದ್ದಲ ಸಂವೇದಕದ ರೋಧದ ಮೂಲಕ ಹರಿಯುವಾಗ ಮತ್ತೆ ವೋಲ್ಟೇಜ್ ಆಗುತ್ತದೆ. ರೋಧ ಹೆಚ್ಚಿದ್ದಷ್ಟೂ ಅದು ದೊಡ್ಡದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಮೊದಲನೆಯ ಮುಖ ಮಾತ್ರ. ಎರಡನೆಯದು ಪತ್ರದ ಒಳಪುಟದ ಕೋಷ್ಟಕದಲ್ಲಿ ಅಡಗಿ ಕೂತಿರುತ್ತದೆ. ಹೊಸಬರು ಎಡವುವುದು ಇಲ್ಲಿಯೇ.

ಮೂರು ಹೆಸರಾಂತ ಚಿಪ್ಪುಗಳನ್ನು ಅಕ್ಕಪಕ್ಕ ಇಟ್ಟರೆ ವಿಷಯ ತಿಳಿಯಾಗುತ್ತದೆ. ಎಲ್‌ಟಿ1028 ಕಡಿಮೆ ಗದ್ದಲಕ್ಕೆ ಪ್ರಸಿದ್ಧ: ಒಂದು ಕಿಲೋಹರ್ಟ್ಜ್‌ನಲ್ಲಿ ವೋಲ್ಟೇಜ್ ಗದ್ದಲ 0.85 ನ್ಯಾನೋವೋಲ್ಟ್, ಪ್ರವಾಹದ ಗದ್ದಲ 1 ಪಿಕೋಆಂಪಿಯರ್. ಓಪಿ27 ಹಳೆಯ ನಂಬುಗೆಯ ಚಿಪ್ಪು: 3 ನ್ಯಾನೋವೋಲ್ಟ್, 0.4 ಪಿಕೋಆಂಪಿಯರ್. ಟಿಎಲ್072 ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಯಾವ ಬಿಡಿಭಾಗಗಳ ಪೇಟೆಯಲ್ಲೂ ಅಗ್ಗಕ್ಕೆ ಸಿಗುವಂಥದ್ದು: 18 ನ್ಯಾನೋವೋಲ್ಟ್, ಆದರೆ ಪ್ರವಾಹದ ಗದ್ದಲ 0.01 ಪಿಕೋಆಂಪಿಯರ್ ಮಾತ್ರ.

ಸಂವೇದಕದ ರೋಧ 100 ಓಮ್ ಇದ್ದರೆ ಶಾಖದ, ವೋಲ್ಟೇಜಿನ, ಪ್ರವಾಹದ ಗದ್ದಲ ಮೂರನ್ನೂ ಕೂಡಿದ ಒಟ್ಟು ಗದ್ದಲ ಎಲ್‌ಟಿ1028ರಲ್ಲಿ 1.5 ನ್ಯಾನೋವೋಲ್ಟ್, ಓಪಿ27ರಲ್ಲಿ 3.3, ಟಿಎಲ್072ರಲ್ಲಿ 18. ಇಲ್ಲಿ ದುಬಾರಿ ಚಿಪ್ಪೇ ಗೆದ್ದಿತು. ರೋಧ 10 ಕಿಲೋ ಓಮ್ ಆದರೆ ಎಲ್‌ಟಿ1028ರ ಒಂದು ಪಿಕೋಆಂಪಿಯರ್ ತಾನೇ 10 ನ್ಯಾನೋವೋಲ್ಟ್ ಆಗಿಬಿಡುತ್ತದೆ. ಒಟ್ಟು 16ಕ್ಕೆ ಏರುತ್ತದೆ, ಓಪಿ27 ಸುಮಾರು 14ರಲ್ಲಿ ನಿಲ್ಲುತ್ತದೆ. ರೋಧ 100 ಕಿಲೋ ಓಮ್ ಆದಾಗಲಂತೂ ಆಟವೇ ತಲೆಕೆಳಗು. ಎಲ್‌ಟಿ1028ರದು 108 ನ್ಯಾನೋವೋಲ್ಟ್, ಓಪಿ27ರದು 57, ಟಿಎಲ್072ರದು 44. ಅದರಲ್ಲೂ 40 ನ್ಯಾನೋವೋಲ್ಟ್ ಸಂವೇದಕದ್ದೇ ಶಾಖದ ಗದ್ದಲ, ಯಾರೂ ತೆಗೆಯಲಾಗದ್ದು. ಅತ್ಯಂತ ಅಗ್ಗದ ಚಿಪ್ಪು ಅತ್ಯಂತ ದುಬಾರಿಯದನ್ನು ಎರಡು ಪಟ್ಟಿಗೂ ಹೆಚ್ಚು ಅಂತರದಿಂದ ಸೋಲಿಸಿತು.

ವೋಲ್ಟೇಜ್ ಗದ್ದಲವನ್ನು ಪ್ರವಾಹದ ಗದ್ದಲದಿಂದ ಭಾಗಿಸಿದರೆ ಒಂದು ರೋಧ ಬರುತ್ತದೆ. ಎಲ್‌ಟಿ1028ಕ್ಕೆ ಅದು 850 ಓಮ್, ಓಪಿ27ಕ್ಕೆ 7.5 ಕಿಲೋ ಓಮ್, ಟಿಎಲ್072ಕ್ಕೆ 1.8 ಮೆಗಾ ಓಮ್. ಸಂವೇದಕದ ರೋಧ ಇದರ ಆಸುಪಾಸಿನಲ್ಲಿದ್ದಾಗ ಆ ವರ್ಧಕ ತನ್ನ ಕಡೆಯಿಂದ ಸೇರಿಸುವ ಪಾಲು, ಸಂವೇದಕದ ಸ್ವಂತ ಗದ್ದಲಕ್ಕೆ ಹೋಲಿಸಿದರೆ, ಅತಿ ಕಡಿಮೆ. ಈ ಮಾತನ್ನು ತಪ್ಪಾಗಿ ಓದಿಕೊಂಡು, ರೋಧ ಸರಿಹೊಂದಲಿ ಎಂದು ಸಂವೇದಕಕ್ಕೆ ಸರಣಿಯಲ್ಲಿ ಇನ್ನೊಂದು ರೋಧಕ ಸೇರಿಸುವವರೂ ಇದ್ದಾರೆ. ಅದು ಗದ್ದಲವನ್ನು ದುಡ್ಡು ಕೊಟ್ಟು ತಂದಂತೆ. ಹುಡುಕಬೇಕಾದ್ದು ಸಂವೇದಕಕ್ಕೆ ಒಪ್ಪುವ ವರ್ಧಕವನ್ನು, ವರ್ಧಕಕ್ಕೆ ಒಪ್ಪುವಂತೆ ಸಂವೇದಕವನ್ನು ಕೆಡಿಸುವುದಲ್ಲ.

ಇಷ್ಟೂ ಒಂದು ಕಿಲೋಹರ್ಟ್ಜ್‌ನ ಮಾತು. ನಿಧಾನದ ಸಂಕೇತಗಳ ಲೋಕದಲ್ಲಿ ಇನ್ನೊಂದು ಗದ್ದಲ ತಲೆಯೆತ್ತುತ್ತದೆ. 1925ರಲ್ಲಿ ಜಾನ್ಸನ್ ನಿರ್ವಾತ ಕೊಳವೆಗಳನ್ನು ಪರೀಕ್ಷಿಸುವಾಗ, ಆವೃತ್ತಿ ಇಳಿದಂತೆಲ್ಲ ಗದ್ದಲ ಏರುವುದನ್ನು ಕಂಡರು. ಅದಕ್ಕೆ ಫ್ಲಿಕರ್ ಎಂಬ ಹೆಸರು ಬಂತು. ಆಮೇಲೆ ಅದು ಟ್ರಾನ್ಸಿಸ್ಟರಿನಲ್ಲೂ, ಇಂಗಾಲದ ರೋಧಕದಲ್ಲೂ ಕಂಡಿತು. ಇದರ ಶಕ್ತಿ ಆವೃತ್ತಿಗೆ ವಿಲೋಮವಾಗಿರುತ್ತದೆ: 1ರಿಂದ 10 ಹರ್ಟ್ಜ್‌ವರೆಗೆ ಎಷ್ಟು ಗದ್ದಲವೋ, 0.1ರಿಂದ 1ರವರೆಗೂ ಅಷ್ಟೇ, 0.01ರಿಂದ 0.1ರವರೆಗೂ ಅಷ್ಟೇ. ಸಾಮಾನ್ಯ ಗದ್ದಲವಾದರೆ ಹೆಚ್ಚು ಹೊತ್ತು ಕಾದು ಸರಾಸರಿ ತೆಗೆದರೆ ಇಳಿಯುತ್ತದೆ. ಇದು ಹಾಗಲ್ಲ. ಹೆಚ್ಚು ಕಾದಷ್ಟೂ ಇನ್ನೂ ನಿಧಾನದ ಏರಿಳಿತಗಳು ಒಳಗೆ ಬಂದು, ಗಳಿಸಿದ್ದನ್ನು ಕಸಿದುಕೊಳ್ಳುತ್ತವೆ.

ಯಾವ ಆವೃತ್ತಿಯ ಕೆಳಗೆ ಫ್ಲಿಕರ್ ಮೇಲುಗೈ ಪಡೆಯುತ್ತದೋ ಅದನ್ನು ವರ್ಧಕದ ಮೂಲೆ ಆವೃತ್ತಿ ಎನ್ನುತ್ತಾರೆ. ಓಪಿ27ಕ್ಕೆ ಅದು 2.7 ಹರ್ಟ್ಜ್, ಎಲ್‌ಟಿ1028ಕ್ಕೆ 3.5, ಎರಡೂ ಅಪರೂಪಕ್ಕೆ ಒಳ್ಳೆಯವು. ಆದರೆ ಇವು ವೋಲ್ಟೇಜ್ ಗದ್ದಲದ ಮೂಲೆಗಳು. ಪ್ರವಾಹದ ಗದ್ದಲದ ಮೂಲೆ ಇನ್ನೂ ಎಷ್ಟೋ ಮೇಲೆ, ನೂರಾರು ಹರ್ಟ್ಜ್‌ನಲ್ಲಿರುತ್ತದೆ. 10 ಹರ್ಟ್ಜ್‌ಗೆ ಇಳಿಯುವ ಹೊತ್ತಿಗೆ ಎಲ್‌ಟಿ1028ರ ಒಂದು ಪಿಕೋಆಂಪಿಯರ್ 4.7 ಆಗಿರುತ್ತದೆ, ಓಪಿ27ರದು 1.7. ಅದೇ 10 ಕಿಲೋ ಓಮ್ ಸಂವೇದಕಕ್ಕೆ 10 ಹರ್ಟ್ಜ್‌ನಲ್ಲಿ ಲೆಕ್ಕ ಹಾಕಿದರೆ ಎಲ್‌ಟಿ1028 ಸುಮಾರು 49 ನ್ಯಾನೋವೋಲ್ಟ್, ಓಪಿ27 22. ಒಂದು ಕಿಲೋಹರ್ಟ್ಜ್‌ನಲ್ಲಿ ಅಲ್ಪ ಅಂತರವಿದ್ದ ಜೋಡಿ ಇಲ್ಲಿ ದುಪ್ಪಟ್ಟಿಗೂ ಹೆಚ್ಚು ದೂರ ಸರಿದಿದೆ.

ಮಾಹಿತಿ ಪತ್ರದಲ್ಲಿ ಹೀಗಾಗಿ ಹುಡುಕಬೇಕಾದ ಅಂಕಿ ಬೇರೆ. 0.1ರಿಂದ 10 ಹರ್ಟ್ಜ್‌ವರೆಗಿನ ಕಿಂಡಿಯಲ್ಲಿ, ಹತ್ತು ಸೆಕೆಂಡುಗಳ ಕಾಲ, ಗದ್ದಲ ತುದಿಯಿಂದ ತುದಿಗೆ ಎಷ್ಟು ಹರಡುತ್ತದೆ ಎಂದು ತಯಾರಕರು ಚಿತ್ರಸಹಿತ ಕೊಡುತ್ತಾರೆ. ಎಲ್‌ಟಿ1028ಕ್ಕೆ ಅದು 35 ನ್ಯಾನೋವೋಲ್ಟ್, ಓಪಿ27ಕ್ಕೆ 80, ಅದರ ಮುತ್ತಜ್ಜನಂತಿರುವ ಓಪಿ07ಕ್ಕೆ 350. ಈ ಚಿತ್ರ ಕೊಡದ ಚಿಪ್ಪನ್ನು ನಿಧಾನದ ಅಳತೆಗೆ ಕೊಳ್ಳದಿರುವುದೇ ವಾಸಿ. ಒಳ್ಳೆಯದಿದ್ದರೆ ಮುಚ್ಚಿಡುತ್ತಿರಲಿಲ್ಲ.

ಇನ್ನೂ ನಿಧಾನದ, ಗಂಟೆಗಟ್ಟಲೆ ನೋಡಬೇಕಾದ ಸಂಕೇತಕ್ಕೆ ಬೇರೊಂದು ಜಾತಿಯ ವರ್ಧಕವಿದೆ. 1949ರಲ್ಲಿ ಆರ್‌ಸಿಎ ಕಂಪನಿಯ ಎಡ್ವಿನ್ ಗೋಲ್ಡ್‌ಬರ್ಗ್ ಜನಪ್ರಿಯಗೊಳಿಸಿದ ಚಾಪರ್ ತಂತ್ರ ಇದರ ಹಿಂದಿದೆ. ಒಳಗೆ ಬರುವ ಸಂಕೇತವನ್ನು ಸ್ವಿಚ್ಚಿನಿಂದ ಸೆಕೆಂಡಿಗೆ ಸಾವಿರಾರು ಸಲ ಹಿಂದುಮುಂದಾಗಿ ತಿರುಗಿಸಿ, ಫ್ಲಿಕರ್ ಇಲ್ಲದ ಎತ್ತರದ ಆವೃತ್ತಿಗೆ ಒಯ್ದು, ಅಲ್ಲಿ ಹಿಗ್ಗಿಸಿ, ಮತ್ತೆ ಕೆಳಗಿಳಿಸುವುದು. ಆಗ ಸ್ವಿಚ್ಚು ಯಾಂತ್ರಿಕ ರಿಲೇಯಾಗಿತ್ತು, ಈಗ ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್. ಇಂಥ ಎಡಿಎ4528ರಲ್ಲಿ ಫ್ಲಿಕರ್ ಇಲ್ಲವೇ ಇಲ್ಲ ಎನ್ನಬಹುದು. ತಾಪ ಒಂದು ಡಿಗ್ರಿ ಬದಲಾದರೆ ಸೊನ್ನೆ ಸರಿಯುವುದು ಹೆಚ್ಚೆಂದರೆ 15 ನ್ಯಾನೋವೋಲ್ಟ್. ಆದರೂ 0.1ರಿಂದ 10 ಹರ್ಟ್ಜ್ ಕಿಂಡಿಯಲ್ಲಿ ಅದರ ಗದ್ದಲ 97 ನ್ಯಾನೋವೋಲ್ಟ್. ನಾಲ್ಕು ದಶಕ ಹಳೆಯ ಓಪಿ27ಕ್ಕಿಂತ ಹೆಚ್ಚು. ಸೆಕೆಂಡುಗಳ ಆಟದಲ್ಲಿ ಹಳಬ ಗೆಲ್ಲುತ್ತಾನೆ, ನಿಮಿಷ ಗಂಟೆಗಳ ಆಟದಲ್ಲಿ ಚಾಪರ್. ಸ್ವಿಚ್ಚುಗಳು ಒಳದ್ವಾರದಿಂದ ಸಣ್ಣ ಪ್ರವಾಹದ ಮುಳ್ಳುಗಳನ್ನು ಹೊರಚೆಲ್ಲುವುದರಿಂದ ಹೆಚ್ಚು ರೋಧದ ಸಂವೇದಕಕ್ಕೆ ಅದು ಒಗ್ಗುವುದಿಲ್ಲ.

ಚಿಪ್ಪುಗಳ ಈ ಗುಣಭೇದಕ್ಕೆ ಕಾರಣ ಅವುಗಳ ಒಳದ್ವಾರದ ಟ್ರಾನ್ಸಿಸ್ಟರ್. ಬೈಪೋಲಾರ್ ಜಾತಿಯದು ವೋಲ್ಟೇಜ್ ಗದ್ದಲದಲ್ಲಿ ಮೌನಿ, ಆದರೆ ಕೆಲಸ ಮಾಡಲು ಸದಾ ಪ್ರವಾಹ ಕುಡಿಯುತ್ತದೆ, ಆ ಪ್ರವಾಹವೇ ಗದ್ದಲ. ಇದರಲ್ಲೊಂದು ಮೋಸವೂ ಇದೆ. ಓಪಿ27ರ ಒಳದ್ವಾರ ಹೀರುವ ಪ್ರವಾಹ 10 ನ್ಯಾನೋಆಂಪಿಯರ್ ಎಂದು ಪತ್ರ ಹೇಳುತ್ತದೆ. ಶಾಟ್ಕಿಯ ಸೂತ್ರದ ಪ್ರಕಾರ ಅದಕ್ಕೆ 0.06 ಪಿಕೋಆಂಪಿಯರ್ ಗದ್ದಲ ಬರಬೇಕು, ಇರುವುದು 0.4. ಒಳಗಿನ ಟ್ರಾನ್ಸಿಸ್ಟರ್ ನಿಜವಾಗಿ ಕುಡಿಯುವುದು ಎಷ್ಟೋ ಹೆಚ್ಚು. ಅದನ್ನು ಇನ್ನೊಂದು ವಿದ್ಯುತ್ ಮಂಡಲ ಒಳಗಿಂದೊಳಗೇ ತುಂಬಿಕೊಡುತ್ತದೆ. ಹೊರಗೆ ಕಾಣುವ ಪ್ರವಾಹಗಳು ಒಂದನ್ನೊಂದು ಅಳಿಸುತ್ತವೆ, ಅವುಗಳ ಗದ್ದಲಗಳು ಮಾತ್ರ ಕೂಡುತ್ತವೆ. ಜೆಫೆಟ್ ಜಾತಿಯದು ಪ್ರವಾಹವನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಬಿಡಿ ಜೆಫೆಟ್‌ಗಳನ್ನು ಗಾತ್ರದಲ್ಲಿ ದೊಡ್ಡದಾಗಿ ಮಾಡಿ ವೋಲ್ಟೇಜ್ ಗದ್ದಲವನ್ನೂ ಇಳಿಸುತ್ತಾರೆ. ಐಎಫ್3601 ಎಂಬುದು 0.3 ನ್ಯಾನೋವೋಲ್ಟ್‌ವರೆಗೆ ಇಳಿಯುತ್ತದೆ, ಆದರೆ ಅದನ್ನು ಚಿಪ್ಪಿನಂತೆ ಸೀದಾ ಬಳಸಲಾಗದು. ಸುತ್ತ ಮಂಡಲ ಕಟ್ಟುವ ಕೈಚಳಕ ಬೇಕು. ಸೀಮಾಸ್ ಜಾತಿಯದು ಪ್ರವಾಹದಲ್ಲಿ ಇನ್ನೂ ಮಿತಭೋಗಿ, ಫ್ಲಿಕರಿನಲ್ಲಿ ಸಾಮಾನ್ಯವಾಗಿ ಮೂವರಲ್ಲಿ ಕೆಟ್ಟದು.

ಈ ಲೆಕ್ಕಗಳು ನಿಜವಾದ ಕೆಲಸದಲ್ಲಿ ಹೇಗೆ ನಡೆಯುತ್ತವೆ ಎಂಬುದಕ್ಕೆ ಜಿಯೋಫೋನ್ ಒಳ್ಳೆಯ ಉದಾಹರಣೆ. ಸ್ಪ್ರಿಂಗಿನಿಂದ ತೂಗುವ ಸುರುಳಿ, ಅದರ ನಡುವೆ ಅಯಸ್ಕಾಂತ; ನೆಲ ಅಲುಗಿದರೆ ಸುರುಳಿಯಲ್ಲಿ ವೋಲ್ಟೇಜ್. ಇಂಥ ಕಂಪನಮಾಪಕಗಳ ದೊಡ್ಡ ಜಾಲವೊಂದು ಕರ್ನಾಟಕದಲ್ಲೇ ಇದೆ. ಈಗ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಎನಿಸಿಕೊಂಡಿರುವ ಸಂಸ್ಥೆ 1965ರಲ್ಲಿ ಗೌರಿಬಿದನೂರಿನ ಬಳಿ ಗಟ್ಟಿ ಬಂಡೆಯ ನೆಲವನ್ನು ಆರಿಸಿ, ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಕಂಪನಮಾಪಕಗಳನ್ನು ಹೂಳಿತು. ಸಾವಿರಾರು ಕಿಲೋಮೀಟರ್ ದೂರದ ಭೂಕಂಪವನ್ನೂ ನೆಲದಡಿಯ ಅಣುಸ್ಫೋಟವನ್ನೂ ಬೇರ್ಪಡಿಸಿ ಗುರುತಿಸುವುದು ಅದರ ಕೆಲಸ. ಸಮುದ್ರದ ಅಲೆಗಳ ಬಡಿತ ಕರಾವಳಿಯಿಂದ ದೂರದಲ್ಲೂ ನೆಲವನ್ನು ಐದೆಂಟು ಸೆಕೆಂಡಿಗೊಮ್ಮೆ ತೂಗುತ್ತಿರುತ್ತದೆ, ಲಾರಿ, ರೈಲು, ಪಂಪ್‌ಸೆಟ್ಟು ಅದಕ್ಕೆ ಸೇರುತ್ತವೆ. ತಾಣವನ್ನು ಆರಿಸುವುದು ವರ್ಧಕವನ್ನು ಆರಿಸುವುದಕ್ಕಿಂತ ಮೊದಲ ಕೆಲಸ.

ಮಾರುಕಟ್ಟೆಯಲ್ಲಿ ಸಿಗುವ ಎಸ್‌ಎಂ-6 ಎಂಬ 4.5 ಹರ್ಟ್ಜ್ ಜಿಯೋಫೋನಿನ ಸುರುಳಿಯ ರೋಧ 375 ಓಮ್. ನೆಲ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಚಲಿಸಿದರೆ 28.8 ವೋಲ್ಟ್, ಅಂದರೆ ಸೆಕೆಂಡಿಗೆ ಒಂದು ನ್ಯಾನೋಮೀಟರಿಗೆ 28.8 ನ್ಯಾನೋವೋಲ್ಟ್. ಸುರುಳಿಯ ಶಾಖದ ಗದ್ದಲ 2.5 ನ್ಯಾನೋವೋಲ್ಟ್. 10 ಹರ್ಟ್ಜ್‌ನಲ್ಲಿ ಎಲ್‌ಟಿ1028 ಸೇರಿದರೆ ಒಟ್ಟು 3.2, ಓಪಿ27 ಸೇರಿದರೆ 4.3. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಜಾನ್ ಪೀಟರ್ಸನ್ 1993ರಲ್ಲಿ ಜಗತ್ತಿನ ಅತಿ ಶಾಂತ ತಾಣಗಳ ನೆಲದ ಗದ್ದಲವನ್ನು ಕಲೆಹಾಕಿ ಒಂದು ಕೆಳಗೆರೆ ಎಳೆದರು. ಆ ಗೆರೆಯ ನೆಲ ಈ ಜಿಯೋಫೋನಿನಲ್ಲಿ 10 ಹರ್ಟ್ಜ್‌ಗೆ ಹುಟ್ಟಿಸುವುದು ಸುಮಾರು 1.8 ನ್ಯಾನೋವೋಲ್ಟ್. ಅಂದರೆ ಅಂಥ ತಾಣದಲ್ಲಿ ಸುರುಳಿಯೇ ನೆಲಕ್ಕಿಂತ ಜೋರು. ಎಂಥ ವರ್ಧಕ ತಂದರೂ ಪ್ರಯೋಜನವಿಲ್ಲ, ಸಂವೇದಕವನ್ನೇ ಬದಲಿಸಬೇಕು. ಊರೊಳಗಿನ ನೆಲವಾದರೋ ಆ ಕೆಳಗೆರೆಗಿಂತ ನೂರಾರು ಪಟ್ಟು ಮೇಲೆ ಅಲುಗುತ್ತಿರುತ್ತದೆ. ಅಲ್ಲಿ ಓಪಿ27 ಸಾಕು, ಅದಕ್ಕಿಂತ ಕೆಳದರ್ಜೆಯದೂ ಸಾಕು. ದುಬಾರಿ ಚಿಪ್ಪಿಗೆ ಬೆಲೆ ಬರುವುದು ಇವೆರಡರ ನಡುವಿನ ಇಕ್ಕಟ್ಟಾದ ಪಟ್ಟಿಯಲ್ಲಿ ಮಾತ್ರ.

ಇನ್ನೊಂದು ತುದಿಯಲ್ಲಿ ಆಮ್ಲೀಯತೆ ಅಳೆಯುವ ಪಿಎಚ್ ಮಾಪಕದ ಗಾಜಿನ ಕಡ್ಡಿ ಇದೆ. ಅದರ ಸಂಕೇತ ಸಣ್ಣದಲ್ಲ, ಒಂದು ಪಿಎಚ್‌ಗೆ 59 ಮಿಲಿವೋಲ್ಟ್. ಆದರೆ ರೋಧ ನೂರು ಮೆಗಾ ಓಮ್ ಆಸುಪಾಸು. ಓಪಿ27ರ 10 ನ್ಯಾನೋಆಂಪಿಯರ್ ಅದರ ಮೂಲಕ ಹರಿದರೆ ಒಂದು ಇಡೀ ವೋಲ್ಟಿನ ತಪ್ಪು. ಇಲ್ಲಿ ಎಲ್‌ಎಂಸಿ6001ರಂಥ, ಹೆಚ್ಚೆಂದರೆ 25 ಫೆಮ್ಟೋಆಂಪಿಯರ್ ಹೀರುವ ಚಿಪ್ಪು ಬೇಕು. ತಪ್ಪು ಆಗ 2.5 ಮೈಕ್ರೋವೋಲ್ಟಿಗೆ ಇಳಿಯುತ್ತದೆ. ಈ ಮಟ್ಟದಲ್ಲಿ ಬೆಸುಗೆ ಹಾಕಿದ ಬೋರ್ಡಿನ ಮೇಲೆ ಬೆರಳಚ್ಚಿನ ಜಿಡ್ಡು ಉಳಿದರೆ ಅದೇ ಚಿಪ್ಪಿಗಿಂತ ಹೆಚ್ಚು ಸೋರುತ್ತದೆ. ಮಿದುಳಿನ ಅಲೆಗಳದ್ದು ಮತ್ತೊಂದು ಬಗೆಯ ಕಷ್ಟ. ಚರ್ಮದ ಮೇಲಿನ ಬಿಲ್ಲೆಯ ರೋಧ ಕೆಲವು ಕಿಲೋ ಓಮ್, ಸಂಕೇತ ಹತ್ತಾರು ಮೈಕ್ರೋವೋಲ್ಟ್. ಗದ್ದಲದ ದೃಷ್ಟಿಯಿಂದ ಇದು ಸುಲಭ. ಆದರೆ ಮೈಯಿಡೀ ಕರೆಂಟಿನ ಲೈನಿಗೆ ಅಂಟೆನಾದಂತೆ ವರ್ತಿಸುವುದರಿಂದ, ಎರಡು ಬಿಲ್ಲೆಗಳಲ್ಲೂ ಸಮನಾಗಿ ಬರುವುದನ್ನು ತಳ್ಳಿಹಾಕಿ ವ್ಯತ್ಯಾಸವನ್ನಷ್ಟೇ ಹಿಗ್ಗಿಸುವ ಇನ್‌ಸ್ಟ್ರುಮೆಂಟೇಶನ್ ವರ್ಧಕ ಬೇಕಾಗುತ್ತದೆ. ಅಲ್ಲಿ ಆಯ್ಕೆಯ ಮೊದಲ ಅಂಕಿ ಗದ್ದಲವಲ್ಲ, ಈ ತಳ್ಳಿಹಾಕುವ ಶಕ್ತಿ.

ಚಿಪ್ಪು ಆರಿಸಿದ ಮೇಲೆ ಅದನ್ನು ಹಾಳು ಮಾಡಲು ಹಲವು ದಾರಿಗಳಿವೆ. ಎಷ್ಟು ಪಟ್ಟು ಹಿಗ್ಗಿಸಬೇಕೆಂದು ತೀರ್ಮಾನಿಸುವ ರೋಧಕಗಳೂ ಗದ್ದಲ ಮಾಡುತ್ತವೆ. ಒಂದು ನ್ಯಾನೋವೋಲ್ಟಿನ ಚಿಪ್ಪಿಗೆ 1 ಕಿಲೋ ಓಮ್ ರೋಧಕ ಕಟ್ಟಿದರೆ ಚಿಪ್ಪಿಗೆ ಕೊಟ್ಟ ದುಡ್ಡು ದಂಡ. ಆ ರೋಧಕವೇ ನಾಲ್ಕು ನ್ಯಾನೋವೋಲ್ಟ್. ಅಲ್ಲಿ 10 ಓಮ್ ಇರಬೇಕು, ಜೊತೆಗೆ 10 ಕಿಲೋ ಓಮ್, ಸಾವಿರ ಪಟ್ಟು ಹಿಗ್ಗಲು. ಇಂಗಾಲದ ರೋಧಕಗಳಲ್ಲಿ ಪ್ರವಾಹ ಹರಿದಾಗ ಫ್ಲಿಕರ್ ಬೇರೆ ಸೇರುತ್ತದೆ, ಆದ್ದರಿಂದ ಲೋಹದ ಪದರದವು ಅಥವಾ ತಂತಿ ಸುತ್ತಿದವು ಲೇಸು.

ಸಂಕೇತದ ಜೊತೆ ಬರುವ ಸ್ಥಿರ ವೋಲ್ಟೇಜನ್ನು ತಡೆಯಲು ಒಳದ್ವಾರಕ್ಕೆ ಕೆಪಾಸಿಟರ್ ಹಾಕುವುದುಂಟು. 0.1 ಹರ್ಟ್ಜ್‌ವರೆಗೆ ಬಿಡಬೇಕೆಂದರೆ 1.6 ಮೈಕ್ರೋಫ್ಯಾರಡ್ ಮತ್ತು 1 ಮೆಗಾ ಓಮ್ ಎಂದು ಪುಸ್ತಕದ ಸೂತ್ರ ಹೇಳುತ್ತದೆ. ಸೂತ್ರ ಸರಿ, ಫಲ ಕೆಟ್ಟದ್ದು: 0.1 ಹರ್ಟ್ಜ್‌ನಲ್ಲಿ ಆ ಮೆಗಾ ಓಮ್‌ನ ಗದ್ದಲವೇ 90 ನ್ಯಾನೋವೋಲ್ಟ್ ಒಳನುಗ್ಗುತ್ತದೆ. ಲೀನಿಯರ್ ಟೆಕ್ನಾಲಜಿ ಕಂಪನಿಯ ಜಿಮ್ ವಿಲಿಯಮ್ಸ್ ಇದೇ ಕಿಂಡಿಯ ಗದ್ದಲ ಅಳೆಯುವ ಮಂಡಲ ಕಟ್ಟುವಾಗ ರೋಧವನ್ನು 1.2 ಕಿಲೋ ಓಮ್‌ಗೆ ಇಳಿಸಿ, ಅದಕ್ಕೆ ತಕ್ಕಂತೆ 1300 ಮೈಕ್ರೋಫ್ಯಾರಡ್‌ನ, ಸೋರಿಕೆ ಅತಿ ಕಡಿಮೆಯ ಟ್ಯಾಂಟಲಮ್ ಕೆಪಾಸಿಟರ್ ಹಾಕಿದ್ದರು. ಗಾತ್ರ, ಬೆಲೆ ಎರಡೂ ಚಿಪ್ಪನ್ನು ಮೀರಿಸುವಂಥವು. ಸಾಧ್ಯವಾದರೆ ಕೆಪಾಸಿಟರನ್ನೇ ಬಿಟ್ಟುಬಿಡುವುದು ಒಳ್ಳೆಯದು.

ಸಂವೇದಕದ ರೋಧ ತೀರಾ ಕಡಿಮೆ, ಒಂದೆರಡು ಓಮ್, ಇದ್ದಾಗ ಟ್ರಾನ್ಸ್‌ಫಾರ್ಮರ್ ನೆರವಿಗೆ ಬರುತ್ತದೆ. ಹತ್ತು ಪಟ್ಟು ಸುತ್ತಿದರೆ ಸಂಕೇತವೂ ಸಂವೇದಕದ ಗದ್ದಲವೂ ಹತ್ತು ಪಟ್ಟು ಏರಿ, ವರ್ಧಕದ ಗದ್ದಲ ಅವುಗಳ ಮುಂದೆ ಚಿಕ್ಕದಾಗುತ್ತದೆ. ಗ್ರಾಮಫೋನ್ ತಟ್ಟೆಯ ಒಂದು ಬಗೆಯ ಮುಳ್ಳಿಗೆ ಈಗಲೂ ಹೀಗೆ ಮಾಡುತ್ತಾರೆ. ಆದರೆ ಒಂದು ಹರ್ಟ್ಜ್‌ಗಿಂತ ಕೆಳಗೆ ಟ್ರಾನ್ಸ್‌ಫಾರ್ಮರಿನ ಗಾತ್ರ ಅಸಂಬದ್ಧವಾಗಿ ಬೆಳೆಯುತ್ತದೆ. ಆಗ ಒಂದೇ ಬಗೆಯ ಹಲವು ವರ್ಧಕಗಳನ್ನು ಸಮಾಂತರವಾಗಿ ಕಟ್ಟಿ ಅವುಗಳ ಸರಾಸರಿ ತೆಗೆಯುವುದು ಉಳಿದ ದಾರಿ. ನಾಲ್ಕು ಸೇರಿದರೆ ವೋಲ್ಟೇಜ್ ಗದ್ದಲ ಅರ್ಧ, ಪ್ರವಾಹದ ಗದ್ದಲ ದುಪ್ಪಟ್ಟು. ಸಂಕೇತವನ್ನೇ ಆಡಿಸುವ ಅವಕಾಶವಿದ್ದರೆ ಇನ್ನೂ ಒಳ್ಳೆಯ ಉಪಾಯವುಂಟು. ಬೆಳಕಿನ ಅಳತೆಯಲ್ಲಿ ದೀಪದ ಮುಂದೆ ತೂತಿನ ಚಕ್ರ ತಿರುಗಿಸಿ, ಸಂಕೇತ ನೂರಾರು ಹರ್ಟ್ಜ್‌ನಲ್ಲಿ ಮಿಟುಕುವಂತೆ ಮಾಡಿ, ಆ ಲಯಕ್ಕೆ ಕೂಡುವುದನ್ನು ಮಾತ್ರ ಆರಿಸಿಕೊಳ್ಳುವುದು. ಲಾಕ್-ಇನ್ ಎಂಬ ಈ ವಿಧಾನಕ್ಕೆ ಫ್ಲಿಕರಿನ ಹಂಗೇ ಇಲ್ಲ. ನೆಲದ ಕಂಪನವನ್ನು ಹೀಗೆ ಆಡಿಸಲಾಗದು ಎಂಬುದೊಂದೇ ತೊಡಕು.

ಹೊರಗಿನಿಂದ ಬರುವ ಕಾಟದ ಮುಂದೆ ಚಿಪ್ಪುಗಳ ನಡುವಿನ ವ್ಯತ್ಯಾಸ ಕೆಲವೊಮ್ಮೆ ಹಾಸ್ಯಾಸ್ಪದ. ಮನೆಯ ಲೈನಿನ 50 ಹರ್ಟ್ಜ್ ಕಾಂತಕ್ಷೇತ್ರ ಒಂದು ಮೈಕ್ರೋಟೆಸ್ಲಾ ಇರುವ ಕಡೆ, ಸಂವೇದಕದ ತಂತಿಗಳ ನಡುವೆ ಹತ್ತು ಚದರ ಸೆಂಟಿಮೀಟರ್ ಜಾಗ ಬಿಟ್ಟರೆ ಸಾಕು, 300 ನ್ಯಾನೋವೋಲ್ಟ್ ಹುಟ್ಟುತ್ತದೆ. ತಂತಿಗಳನ್ನು ಹೆಣೆದರೆ ಅದು ಬಹುಮಟ್ಟಿಗೆ ಹೋಗುತ್ತದೆ. ಇದಕ್ಕಿಂತ ಅಗ್ಗದ ಸುಧಾರಣೆ ಇನ್ನೊಂದಿಲ್ಲ. ಬ್ಯಾಟರಿಯಿಂದ ನಡೆಸುವುದು, ಭೂಮಿಗೆ ಒಂದೇ ಜಾಗದಲ್ಲಿ ಸೇರಿಸುವುದು, ಲೋಹದ ಪೆಟ್ಟಿಗೆಯಲ್ಲಿಡುವುದು ಆಮೇಲಿನ ಹೆಜ್ಜೆಗಳು.

ಗಾಳಿಯೂ ಗದ್ದಲ ಮಾಡುತ್ತದೆ ಎಂದರೆ ಮೊದಲು ನಂಬಿಕೆ ಬರುವುದಿಲ್ಲ. ಎರಡು ಲೋಹಗಳು ಸೇರುವ ಕಡೆ ತಾಪದ ವ್ಯತ್ಯಾಸವಿದ್ದರೆ ವೋಲ್ಟೇಜ್ ಹುಟ್ಟುತ್ತದೆ. ಲೋಹದ ಡಬ್ಬಿಯಲ್ಲಿ ಬರುವ ಹಳೆಯ ಮಾದರಿಯ ಚಿಪ್ಪುಗಳ ಕಾಲುಗಳು ಕೋವಾರ್ ಎಂಬ ಮಿಶ್ರಲೋಹದವು. ತಾಮ್ರದ ಜೊತೆ ಅದು ಸೇರಿದಲ್ಲಿ ಡಿಗ್ರಿಗೆ ಸುಮಾರು 35 ಮೈಕ್ರೋವೋಲ್ಟ್. ಎರಡು ಕಾಲುಗಳ ನಡುವೆ ಡಿಗ್ರಿಯ ಸಾವಿರದಲ್ಲೊಂದು ಭಾಗ ವ್ಯತ್ಯಾಸ ಬಂದರೂ 35 ನ್ಯಾನೋವೋಲ್ಟ್, ಅಂದರೆ ಎಲ್‌ಟಿ1028ರ ಹತ್ತು ಸೆಕೆಂಡಿನ ಪೂರ್ತಿ ಗದ್ದಲದಷ್ಟು. ಫ್ಯಾನಿನ ಗಾಳಿ ಬೀಸಿದರೆ ತೆರೆಯ ಮೇಲಿನ ಗೆರೆ ಅಲೆಯಾಡುವುದು ಇದಕ್ಕೇ, ಮತ್ತು ಅದು ನೋಡಲು ಥೇಟ್ ಫ್ಲಿಕರಿನಂತೆಯೇ ಇರುತ್ತದೆ. ಮಂಡಲದ ಮೇಲೆ ಒಂದು ಥರ್ಮೋಕೋಲ್ ಲೋಟ ಕವುಚಿದರೆ ಗೆರೆ ನಿಲ್ಲುತ್ತದೆ.

ಕಟ್ಟಿದ ವರ್ಧಕ ಪತ್ರದಲ್ಲಿ ಹೇಳಿದಂತಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಕಿಲ್ಲ. ಒಳದ್ವಾರವನ್ನು ಚಿಕ್ಕ ತಾಮ್ರದ ತಂತಿಯಿಂದ ಕೂಡಿಸಿ, ಹೊರಗೆ ಬರುವ ಗದ್ದಲವನ್ನು ಹಿಗ್ಗಿದ ಪ್ರಮಾಣದಿಂದ ಭಾಗಿಸಿದರೆ ಸಿಗುವುದು ವೋಲ್ಟೇಜ್ ಗದ್ದಲ. ತಂತಿಯ ಜಾಗದಲ್ಲಿ 1 ಕಿಲೋ ಓಮ್ ರೋಧಕವಿಟ್ಟರೆ ಜಾನ್ಸನ್ ಹೇಳಿದ ನಾಲ್ಕು ನ್ಯಾನೋವೋಲ್ಟ್ ಸೇರಬೇಕು. ಸೇರದಿದ್ದರೆ ಲೆಕ್ಕದಲ್ಲೋ ಜೋಡಣೆಯಲ್ಲೋ ತಪ್ಪಿದೆ. ಆಮೇಲೆ 100 ಕಿಲೋ ಓಮ್ ಇಟ್ಟರೆ ಶಾಖದ 40 ನ್ಯಾನೋವೋಲ್ಟಿಗಿಂತ ಮೇಲೆ ಎಷ್ಟು ಬರುತ್ತದೋ ಅದು ಪ್ರವಾಹದ ಗದ್ದಲದ ಪಾಲು, ವರ್ಗಗಳ ಲೆಕ್ಕದಲ್ಲಿ ಕಳೆದು ತೆಗೆಯಬಹುದು. ಮೇಲಿನ ಹೆಸರು ಉಜ್ಜಿ ಬೇರೆ ಹೆಸರು ಮುದ್ರಿಸಿದ ನಕಲಿ ಚಿಪ್ಪುಗಳು ಸಿಕ್ಕಿಬೀಳುವುದೂ ಈ ಮೂರು ಅಳತೆಗಳಲ್ಲೇ. ಹಿಗ್ಗಿಸುವುದರಲ್ಲಿ ಅವು ಅಸಲಿಯಂತೆಯೇ ನಡೆದುಕೊಳ್ಳಬಹುದು, ಗದ್ದಲದಲ್ಲಿ ಮಾತ್ರ ಬಣ್ಣ ಬಯಲಾಗುತ್ತದೆ. ಕೊನೆಗೆ ನಿಜವಾದ ಸಂವೇದಕವನ್ನೇ ಜೋಡಿಸಿ, ಅದನ್ನು ಶಾಂತ ಜಾಗದಲ್ಲಿಟ್ಟು, ರಾತ್ರಿ ಒಂದು ಗಂಟೆ ಗೆರೆ ಬರೆಸಿ ನೋಡಬೇಕು. ಹಗಲಿನಲ್ಲಿ ಮಾಡಿದರೆ ಅಳೆಯುವುದು ವರ್ಧಕವನ್ನಲ್ಲ, ಬೀದಿಯನ್ನು.